ಮನೆಯ ಕರೆಂಟ್ ಅಳೆಯುವ ಅಗ್ಗದ ಸೆನ್ಸರ್: ಬರ್ಡನ್ ರೆಸಿಸ್ಟರ್ ಮರೆಯಬೇಡಿ

ಮಾನ್ಯ ಸಂಪಾದಕರೇ,

ಗೃಹಜ್ಯೋತಿ ಬಂದ ಮೇಲೆ ತಿಂಗಳ ಯೂನಿಟ್ ಎಣಿಸುವ ಅಭ್ಯಾಸ ಮನೆಮನೆಗೂ ಹತ್ತಿದೆ. 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು. ಹಾಗಿರುವಾಗ ಯಾವ ಉಪಕರಣ ಎಷ್ಟು ಎಳೆಯುತ್ತಿದೆ ಎಂದು ತಿಳಿಯಲು ಒಂದು ಸೆನ್ಸರ್ ಕಟ್ಟಿಕೊಳ್ಳೋಣ ಅನ್ನಿಸುವುದು ಸಹಜ. ಬಿಡಿಭಾಗಗಳೆಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತವೆ. ಆದರೆ ಹೆಚ್ಚಿನ ವಿಡಿಯೊಗಳು ತೋರಿಸುವಂತೆ ಎಸಿಎಸ್712 ಎಂಬ ಕರೆಂಟ್ ಅಳೆಯುವ ಚಿಪ್ಪಿನ ಬೋರ್ಡ್ ತಂದು ಫೇಸ್ ವೈರ್ ಕತ್ತರಿಸಿ ಸೇರಿಸುವುದು ಬೇಡ. ಆ ಪುಟ್ಟ ಬೋರ್ಡಿನ ಸ್ಕ್ರೂಗಳಲ್ಲೂ ಅಡಿಯ ಬೆಸುಗೆಯಲ್ಲೂ 230 ವೋಲ್ಟ್ ಬೆತ್ತಲಾಗಿ ನಿಂತಿರುತ್ತದೆ. ಸ್ಕ್ರೂ ಸ್ವಲ್ಪ ಸಡಿಲವಾದರೂ ಗೀಸರಿನ ಕರೆಂಟಿಗೆ ಅದು ಕಾದು ಕರಗುತ್ತದೆ.

ಮನೆಗೆ ತಕ್ಕದ್ದು ಎಸ್‌ಸಿಟಿ-013-000 ಎಂಬ ಕ್ಲಾಂಪ್ ಸಿ.ಟಿ. (ಕರೆಂಟ್ ಟ್ರಾನ್ಸ್‌ಫಾರ್ಮರ್). ಇನ್ಸುಲೇಷನ್ ಇರುವ ವೈರಿನ ಮೇಲೆ ಬಾಯಿ ತೆರೆದು ಸಿಕ್ಕಿಸಿದರೆ ಸಾಕು, ಏನನ್ನೂ ಕತ್ತರಿಸಬೇಕಿಲ್ಲ. 100 ಆಂಪಿಯರ್ ಹರಿದರೆ ಇದು 50 ಮಿಲಿಆಂಪಿಯರ್ ಕೊಡುತ್ತದೆ, ಅಂದರೆ 2000ಕ್ಕೆ 1. ಇದೇ ಸರಣಿಯ 030 ಮಾದರಿ 30 ಆಂಪಿಯರಿಗೆ 1 ವೋಲ್ಟ್ ಕೊಡುತ್ತದೆ, ಅದರ ಹೊಟ್ಟೆಯಲ್ಲೇ ಬರ್ಡನ್ ರೆಸಿಸ್ಟರ್ (ಸಿ.ಟಿ.ಯ ಕರೆಂಟನ್ನು ಅಳೆಯಬಲ್ಲ ವೋಲ್ಟೇಜಾಗಿಸುವ ರೆಸಿಸ್ಟರ್) ಇದೆ. 000 ಮಾದರಿಯಲ್ಲಿ ಇಲ್ಲ, ನಾವೇ ಹಾಕಬೇಕು. ಹಾಕದೆ ಕ್ಲಾಂಪ್ ಮಾಡಿದರೆ ಸಿ.ಟಿ.ಯ ಕರೆಂಟಿಗೆ ಹರಿಯಲು ದಾರಿಯಿಲ್ಲದೆ ತುದಿಗಳಲ್ಲಿ ವೋಲ್ಟೇಜ್ ಏರುತ್ತದೆ. ರೀಡಿಂಗ್ ಓದುವ ಪುಟ್ಟ ಕಂಪ್ಯೂಟರ್ ಚಿಪ್ (ಮೈಕ್ರೋಕಂಟ್ರೋಲರ್) ಸುಡುವುದಕ್ಕೆ ಅಷ್ಟು ಸಾಕು. ಆದ್ದರಿಂದ ಮೊದಲು ರೆಸಿಸ್ಟರ್, ಆಮೇಲೆ ಜ್ಯಾಕ್, ಕೊನೆಗೆ ಕ್ಲಾಂಪ್. ಬಿಚ್ಚುವಾಗ ಮೊದಲು ಕ್ಲಾಂಪ್.

ಎಷ್ಟು ಓಮ್ ಎಂಬಲ್ಲಿ ಹಲವರು ಎಡವುತ್ತಾರೆ. 3.3 ವೋಲ್ಟಿನ ಬೋರ್ಡಿಗೆ 22 ಓಮ್ ಎಂದು ಎಲ್ಲೆಡೆ ಬರೆದಿರುವುದು ಪೂರ್ತಿ 100 ಆಂಪಿಯರಿನ ಲೆಕ್ಕಕ್ಕೆ. ಸಿಂಗಲ್ ಫೇಸ್ ಮನೆಗೆ 30 ಆಂಪಿಯರ್ ಧಾರಾಳ. ಆಗ ಸಿ.ಟಿ. ಕೊಡುವುದು 15 ಮಿಲಿಆಂಪಿಯರ್. 33 ಓಮ್ ಹಾಕಿದರೆ ಆರ್‌ಎಂಎಸ್ (ಅಲೆಯ ಪರಿಣಾಮಕಾರಿ ಬೆಲೆ) 0.5 ವೋಲ್ಟ್, ಶಿಖರ 0.7 ವೋಲ್ಟ್. ಇದನ್ನು 1.65 ವೋಲ್ಟಿನ ಮೇಲೆ ಕೂರಿಸಿದರೆ ಅಲೆ 0.95ರಿಂದ 2.35ರ ನಡುವೆ ಆಡುತ್ತದೆ. ಇಎಸ್‌ಪಿ-32 ಎಂಬ 3.3 ವೋಲ್ಟಿನ ಮೈಕ್ರೋಕಂಟ್ರೋಲರ್ ಬೋರ್ಡಿನ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಎರಡು ತುದಿಗಳಲ್ಲೂ ಸೊಟ್ಟ, ನಡುವೆ ಮಾತ್ರ ನೆಟ್ಟಗೆ. ಈ ವ್ಯಾಪ್ತಿ ಆ ನಡುವಿನಲ್ಲೇ ಬರುತ್ತದೆ. 1.65 ವೋಲ್ಟ್ ಪಡೆಯಲು 3.3 ವೋಲ್ಟಿಗೂ ಗ್ರೌಂಡಿಗೂ ನಡುವೆ 10 ಕಿಲೋಓಮಿನ ಎರಡು ರೆಸಿಸ್ಟರ್ ಸರಣಿಯಲ್ಲಿ ಹಾಕಿ, ನಡುಬಿಂದುವಿನಿಂದ ಗ್ರೌಂಡಿಗೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೊಡಿ. ಸಿ.ಟಿ.ಯ ಒಂದು ತಂತಿ ನಡುಬಿಂದುವಿಗೆ, ಇನ್ನೊಂದು 34ನೇ ಪಿನ್ನಿಗೆ, 33 ಓಮ್ ಎರಡರ ಮಧ್ಯೆ. 25 ಅಥವಾ 26ನೇ ಪಿನ್ನಿಗೆ ಕೊಟ್ಟರೆ ವೈಫೈ ಶುರುವಾದೊಡನೆ ರೀಡಿಂಗ್ ನಿಲ್ಲುತ್ತದೆ. ಅವು ಎರಡನೇ ಎಡಿಸಿಗೆ ಸೇರಿದ ಪಿನ್‌ಗಳು, ವೈಫೈ ಅದನ್ನು ತನಗಾಗಿ ಹಿಡಿದುಕೊಳ್ಳುತ್ತದೆ.

ಪ್ರೋಗ್ರಾಂನಲ್ಲಿ 200 ಮಿಲಿಸೆಕೆಂಡ್, ಅಂದರೆ 50 ಹರ್ಟ್ಸಿನ ಸರಿಯಾಗಿ ಹತ್ತು ಆವರ್ತಗಳ ಸ್ಯಾಂಪಲ್ ತೆಗೆದುಕೊಳ್ಳಿ. ಸರಾಸರಿ ಕಳೆದು, ವರ್ಗ ಮಾಡಿ, ಅವುಗಳ ಸರಾಸರಿಯ ವರ್ಗಮೂಲ ತೆಗೆಯಿರಿ. ಬಂದ ವೋಲ್ಟನ್ನು 2000 ಭಾಗಿಸು 33, ಅಂದರೆ 60.6ರಿಂದ ಗುಣಿಸಿದರೆ ಆಂಪಿಯರ್.

ರೀಡಿಂಗ್ ಸೊನ್ನೆ ಬಂದರೆ ಸಾಮಾನ್ಯವಾಗಿ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕ್ಲಾಂಪಿನೊಳಗೆ ತೂರಿಸಿರುತ್ತಾರೆ. ಎರಡರ ಕಾಂತಕ್ಷೇತ್ರ ಒಂದನ್ನೊಂದು ಅಳಿಸುತ್ತದೆ. ಮಿಕ್ಸಿಯ ಕೇಬಲ್ಲಿಗೆ ಇಡಿಯಾಗಿ ಸಿಕ್ಕಿಸಿದರೂ ಇದೇ ಗತಿ. ಒಂದೇ ವೈರ್ ಹಿಡಿಯಬೇಕು. ರೀಡಿಂಗ್ ಕಡಿಮೆ ಬಂದರೆ ಕೋರಿನ ಎರಡು ಮುಖಗಳ ನಡುವಿನ ಧೂಳು ಒರೆಸಿ, ಕ್ಲಿಕ್ ಸದ್ದು ಬರುವವರೆಗೆ ಒತ್ತಿ. 50 ವ್ಯಾಟ್‌ಗಿಂತ ಕೆಳಗಿನ ಉಪಕರಣ ಎಡಿಸಿಯ ಗದ್ದಲದಲ್ಲೇ ಮುಳುಗಿಹೋಗುತ್ತದೆ. ಅಂಥದ್ದಕ್ಕೆ ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಕಟ್ಟಿ, ಅದರ ಫೇಸ್ ವೈರನ್ನು ಕ್ಲಾಂಪಿನಲ್ಲಿ ಐದು ಸುತ್ತು ಹಾಯಿಸಿ ಉತ್ತರವನ್ನು ಐದರಿಂದ ಭಾಗಿಸಿ. ಮೋಟರ್ ಶುರುವಾದ ಮೊದಲ ಎರಡು ಮೂರು ಸೆಕೆಂಡಿನ ಅಂಕಿ ನಂಬಬೇಡಿ.

ಹೋಲಿಸಿ ಸರಿಪಡಿಸಲು ದುಬಾರಿ ಮೀಟರ್ ಬೇಡ, ಮನೆಯ ಬಿಲ್ಲಿಂಗ್ ಮೀಟರೇ ಇದೆ. ಅದರ ಪುಟ್ಟ ದೀಪ ಯೂನಿಟ್ಟಿಗೆ ಎಷ್ಟು ಸಲ ಮಿನುಗುತ್ತದೆ ಎಂದು ಮೇಲೆ ಬರೆದಿರುತ್ತದೆ, 3200 ಎಂದಿಟ್ಟುಕೊಳ್ಳಿ. ಉಳಿದೆಲ್ಲ ಆರಿಸಿ 1500 ವ್ಯಾಟಿನ ವಾಟರ್ ಹೀಟರ್ ರಾಡ್ ಒಂದನ್ನೇ ಹಾಕಿ, ಮೊದಲ ಮಿನುಗನ್ನು ಸೊನ್ನೆ ಎಂದು ಎಣಿಸಿ 50 ಮಿನುಗಿಗೆ ಎಷ್ಟು ಸೆಕೆಂಡ್ ಹಿಡಿಯಿತು ನೋಡಿ. 36 ಲಕ್ಷವನ್ನು (ಒಂದು ಯೂನಿಟ್ ಅಂದರೆ ಅಷ್ಟು ವ್ಯಾಟ್-ಸೆಕೆಂಡ್) 50ರಿಂದ ಗುಣಿಸಿ, 3200ರಿಂದಲೂ ಸೆಕೆಂಡುಗಳಿಂದಲೂ ಭಾಗಿಸಿದರೆ ವ್ಯಾಟ್. 45 ಸೆಕೆಂಡ್ ಹಿಡಿದರೆ 1250 ವ್ಯಾಟ್. ರಾಡಿನ ಮೇಲಿನ 1500 ಎಲ್ಲಿ ಹೋಯಿತು? ವೋಲ್ಟೇಜ್ 210ಕ್ಕೆ ಇಳಿದಿದ್ದರೆ ಅದು ಎಳೆಯುವುದೇ ಅಷ್ಟು. 1250ನ್ನು 210ರಿಂದ ಭಾಗಿಸಿದಾಗ ಬರುವ 5.95 ಆಂಪಿಯರನ್ನು ನಿಮ್ಮ ಸೆನ್ಸರ್ ತೋರಿಸುವಂತೆ 60.6ನ್ನು ತಿದ್ದಿ. ಇಸ್ತ್ರಿಪೆಟ್ಟಿಗೆ ಇದಕ್ಕೆ ಬರುವುದಿಲ್ಲ, ಥರ್ಮೋಸ್ಟಾಟ್ ನಡುವೆಯೇ ಕಡಿತಗೊಳಿಸುತ್ತದೆ. ರಾಡ್ ನೀರಿನಲ್ಲಿಟ್ಟ ಮೇಲೆಯೇ ಸ್ವಿಚ್ ಹಾಕಿ. ಆನ್ ಇರುವಷ್ಟು ಹೊತ್ತು ಬಕೆಟ್ ಮುಟ್ಟಬೇಡಿ.

ಇಷ್ಟೆಲ್ಲ ಮಾಡಿದರೂ ಇದು ಆಂಪಿಯರ್ ಅಳೆಯುತ್ತದೆ, ಯೂನಿಟ್ ಅಲ್ಲ. ಫ್ರಿಜ್ 230 ವೋಲ್ಟಿನಲ್ಲಿ 1 ಆಂಪಿಯರ್ ಎಳೆದು ಪವರ್ ಫ್ಯಾಕ್ಟರ್ (ವೋಲ್ಟ್-ಆಂಪಿಯರ್ ಗುಣಲಬ್ಧದಲ್ಲಿ ನಿಜಕ್ಕೂ ಬಳಕೆಯಾಗುವ ಪಾಲು) 0.6 ಇದ್ದರೆ ಬಿಲ್ಲಿಗೆ ಬೀಳುವುದು 138 ವ್ಯಾಟ್ ಮಾತ್ರ. ಛಾವಣಿ ಸೋಲಾರ್ ಇರುವಲ್ಲಿ ಕರೆಂಟ್ ಒಳಗೆ ಬರುತ್ತಿದೆಯೋ ಹೊರಗೆ ಹೋಗುತ್ತಿದೆಯೋ ಎಂಬುದೂ ಇದಕ್ಕೆ ತಿಳಿಯದು. ಯೂನಿಟ್ಟೇ ಬೇಕಾದವರು ವೋಲ್ಟೇಜನ್ನೂ ಅಳೆಯುವ ಪಿಜೆಡ್‌ಇಎಂ-004ಟಿ ಮಾಡ್ಯೂಲ್ ಕೊಳ್ಳಲಿ, ಅದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಜೋಡಿಸಲಿ. ಬರೀ ಕ್ಲಾಂಪಿಗೆ ಬೇರೆ ಒಳ್ಳೆಯ ಕೆಲಸಗಳಿವೆ. ಬೋರ್‌ವೆಲ್ ಮೋಟರ್ ನೀರಿಲ್ಲದೆ ಓಡಿದರೆ ಆಂಪಿಯರ್ ಇಳಿಯುತ್ತದೆ, ಆಗ ರಿಲೇ ಮೂಲಕ ಸ್ಟಾರ್ಟರ್ ಆರಿಸಬಹುದು. ಫ್ರಿಜ್ಜಿನ ಗ್ಯಾಸ್ಕೆಟ್ ಹಾಳಾದರೆ ಕಂಪ್ರೆಸರ್ ನಿಲ್ಲದೆ ಓಡುವುದು ಗ್ರಾಫಿನಲ್ಲಿ ಕಾಣುತ್ತದೆ.

ಕ್ಲಾಂಪನ್ನು ಮೇನ್ ಸ್ವಿಚ್ ಆರಿಸಿ, ಅದರ ಆಚೆಗೆ ಮನೆಯ ಕಡೆಗಿನ ವೈರಿಗೆ ಹಾಕಬೇಕು. ಮೀಟರಿನ ಸೀಲ್ ಮುಟ್ಟುವಂತಿಲ್ಲ. ಎಸ್ಕಾಂಗಳು ಮಿನುಗು ಎಣಿಸುವ ಈ ಸೂತ್ರವನ್ನು ಬಿಲ್ಲಿನ ಹಿಂಬದಿಯಲ್ಲಿ ಒಂದೇ ಸಾಲಿನಲ್ಲಿ ಅಚ್ಚು ಹಾಕಿದರೆ, ಸೆನ್ಸರ್ ಕಟ್ಟಲಾಗದವರೂ ಗಡಿಯಾರ ಹಿಡಿದು ತಮ್ಮ ಗೀಸರಿನ ಲೆಕ್ಕ ತಾವೇ ನೋಡಿಕೊಳ್ಳಬಹುದು.

– ಎಲೆಕ್ಟ್ರಾನಿಕ್ಸ್ ಉಪನ್ಯಾಸಕ, ಹಾಸನ