ಕಕ್ಕಡದಲ್ಲಿ ಕಳ್ಳಿಗೆ ಉಪವಾಸ

ಪ್ರೀತಿಯ ಗೆಳೆಯಾ,

ನನ್ನ ಗೋಲ್ಡನ್ ಬ್ಯಾರೆಲ್ ಕ್ಯಾಕ್ಟಸ್‌ನ ಫೋಟೊ ನೋಡಿ "ಮಡಿಕೇರಿ ಮಳೆಯಲ್ಲಿ ಇದು ಹೇಗೆ ಬದುಕಿದೆ ಮಾರಾಯ?" ಅಂತ ಕೇಳಿದ್ದೀಯ. ಹಿರಿಯೂರಿನ ಬಿಸಿಲಲ್ಲಿ ಕೂತವನಿಗೆ ಈ ಅನುಮಾನ ಬರಬೇಕಾದ್ದೇ. ಉತ್ತರ ಸ್ವಲ್ಪ ಉದ್ದ. ಫೋನಲ್ಲಿ ಹೇಳಿದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ಅದಕ್ಕೇ ಪತ್ರ.

ಇಲ್ಲಿ ಕ್ಯಾಕ್ಟಸ್ ಸಾಯುವುದು ಚಳಿಯಿಂದ ಅಲ್ಲ. ನಮ್ಮ ಡಿಸೆಂಬರ್ ಚಳಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಮಳೆಯನ್ನೂ ತಪ್ಪಿಸಬಹುದು, ಮೇಲೊಂದು ಪಾರದರ್ಶಕ ಶೀಟ್ ಹಾಕಿದರೆ ಆಯಿತು. ಕೊಲ್ಲುವುದು ಒಣಗದ ಮಣ್ಣು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಲೆಯ ಮೇಲೆ ಹಗ್ಗ ಕಟ್ಟಿದರೂ ಬಟ್ಟೆ ಒಣಗದ ಊರು ನಮ್ಮದು. ಅದರ ಮೇಲೆ ಈ ಗಿಡಗಳು ಮೈಮೇಲಿನ ಸಣ್ಣ ಉಸಿರಾಟದ ರಂಧ್ರಗಳನ್ನು ಹಗಲು ಮುಚ್ಚಿಕೊಂಡು ರಾತ್ರಿ ತೆರೆಯುವ ಜಾತಿ. ರಾತ್ರಿಯಿಡೀ ಮಂಜು ಕವಿದಿದ್ದರೆ ನೀರು ಆವಿಯಾಗಿ ಹೋಗುವುದಾದರೂ ಎಲ್ಲಿಗೆ? ಕುಂಡಕ್ಕೆ ಹಾಕಿದ ಒಂದು ಲೋಟ ನೀರು ವಾರಗಟ್ಟಲೆ ಅಲ್ಲೇ ಕೂರುತ್ತದೆ. ಆಮೇಲೆ ಕೊಳೆ. ಹೊರಗಿಂದ ಏನೂ ಕಾಣುವುದಿಲ್ಲ, ಮುಳ್ಳು ಹಾಗೇ ಹೊಳೆಯುತ್ತಿರುತ್ತದೆ. ಬುಡದ ಹತ್ತಿರ, ಮಣ್ಣು ತಾಗುವ ಜಾಗದಲ್ಲಿ ಹೆಬ್ಬೆರಳಿಟ್ಟು ಒತ್ತಿ ನೋಡಬೇಕು. ಗಟ್ಟಿಯಿದ್ದರೆ ಸರಿ. ಮೆತ್ತಗಾಗಿ ಕಂದು ನೀರು ಜಿನುಗಿದರೆ ಹೆಚ್ಚುಕಮ್ಮಿ ಮುಗಿದ ಹಾಗೆ.

ಆದ್ದರಿಂದ ಕ್ಯಾಕ್ಟಸ್ ಪುಸ್ತಕದ ಪಂಚಾಂಗ ಇಲ್ಲಿ ತಲೆಕೆಳಗು. ಚಳಿಗಾಲದಲ್ಲಿ ನೀರು ನಿಲ್ಲಿಸಿ, ಬೇಸಿಗೆಯಲ್ಲಿ ಕೊಡಿ ಅಂತ ಅದರಲ್ಲಿ ಬರೆದಿರುತ್ತದೆ. ಬ್ಯಾರೆಲ್ ಕಳ್ಳಿಗಳ ತವರುಗಳಲ್ಲೊಂದಾದ ಅಮೆರಿಕದ ಅರಿಜೋನಾದಲ್ಲೂ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಒಂದು ಮಳೆಗಾಲ ಇದೆ, ಅಲ್ಲಿನ ಬ್ಯಾರೆಲ್‌ಗಳು ಆಗಲೇ ಬೆಳೆಯುತ್ತವೆ. ಆದರೆ ಟೂಸಾನ್ ಊರಲ್ಲಿ ಇಡೀ ವರ್ಷ ಬೀಳುವುದು 300 ಮಿಲಿಮೀಟರ್ ಆಸುಪಾಸು. ಅಷ್ಟು ಮಳೆಯನ್ನು ಮಡಿಕೇರಿ ಜೋರಾದ ಒಂದೇ ವಾರದಲ್ಲಿ ಸುರಿಯುತ್ತದೆ, ಅದೂ ಬಿಸಿಲಿನ ಮುಖವನ್ನೇ ತೋರಿಸದೆ. ಹಾಗಾಗಿ ನಾನು ಮೇ ಕೊನೆಗೆ ನೀರು ನಿಲ್ಲಿಸಿಬಿಡುತ್ತೇನೆ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯ ತಿಂಗಳಲ್ಲಿ, ನಾವು ಮದ್ದುಸೊಪ್ಪಿನ ಪಾಯಸ ಹೊಡೆಯುತ್ತಿರುವಾಗ ಅವಕ್ಕೆ ಹನಿ ನೀರಿಲ್ಲ. ಮೈಮೇಲಿನ ಏಣುಗಳು, ಆ ಉದ್ದುದ್ದ ಮಡಿಕೆಗಳು, ಒಂದಕ್ಕೊಂದು ಹತ್ತಿರ ಬಂದು ಮೈ ಕುಗ್ಗುತ್ತದೆ. ಮಳೆ ಬಿಟ್ಟ ಮೇಲೆ ನೀರು ಕಂಡರೆ ಹಾರ್ಮೋನಿಯಂ ತಿದಿ ಬಿಚ್ಚಿದ ಹಾಗೆ ಮತ್ತೆ ಅಗಲವಾಗುತ್ತವೆ. ಏಣು ಇರುವುದೇ ಅದಕ್ಕೆ, ಚರ್ಮ ಹರಿಯದೆ ಹಿಗ್ಗಲು ಕುಗ್ಗಲು.

ಅಕ್ಟೋಬರ್‌ನಿಂದ ಮೇವರೆಗೆ ಬೆಳವಣಿಗೆ. ಮಾರ್ಚ್‌ನ ಹೂಮಳೆಗೆ ಮಾತ್ರ ಕುಂಡಗಳನ್ನೂ ಹೊರಗೆ ಬಿಡುತ್ತೇನೆ, ಕಾಫಿಯ ಜೊತೆ ಅವೂ ನೆನೆಯಲಿ. ಮಾರನೇ ದಿನ ಬಿಸಿಲು ಬರುತ್ತದಲ್ವಾ, ಭಯ ಇಲ್ಲ. ನಿಜವಾಗಿ ಹುಷಾರಾಗಿರಬೇಕಾದ್ದು ಮಳೆ ಬಿಟ್ಟ ಹೊಸತರಲ್ಲಿ. ತಿಂಗಳುಗಟ್ಟಲೆ ಮೋಡದಡಿ ಇದ್ದ ಗಿಡವನ್ನು ಸೀದಾ ಬಿಸಿಲಿಗಿಟ್ಟರೆ ಮೈ ಸುಟ್ಟು ಬೆಳ್ಳಗಾಗುತ್ತದೆ, ಆ ಕಲೆ ಸಾಯೋವರೆಗೂ ಹೋಗುವುದಿಲ್ಲ. ಮೊದಲೆರಡು ವಾರ ಹಸಿರು ನೆಟ್ ಕಟ್ಟಬೇಕು.

ಮಣ್ಣಿನ ವಿಷಯ ಚಿಕ್ಕದು. ನಮ್ಮ ತೋಟದ ಮಣ್ಣು ಬೇಡವೇ ಬೇಡ. ಸಿಂಡರ್ (ಕಲ್ಲಿದ್ದಲು ಉರಿದ ಕಿಟ್ಟ), ಇಟ್ಟಿಗೆ ಚೂರು, ದಪ್ಪ ಮರಳು, ಸ್ವಲ್ಪ ಎಲೆಗೊಬ್ಬರ, ಅಷ್ಟೇ. ಹಿಟ್ಟು ತಿಗಣೆ ನೋಡಿಕೊ. ಕಾಫಿ ಗಿಡದ ಬುಡದಲ್ಲಿ ಇರುವೆ ಸಾಕುವ ಅದೇ ಬಿಳಿ ಹುಳ ಕುಂಡದ ಬೇರಿಗೂ ಬರುತ್ತದೆ. ಫೆರೊಕ್ಯಾಕ್ಟಸ್, ಅಂದರೆ ಅರಿಜೋನಾದ ಆ ಬ್ಯಾರೆಲ್‌ನ ಜಾತಿ, ತನ್ನ ಮುಳ್ಳಿನ ಬುಡದಲ್ಲಿ ತಾನೇ ಸಿಹಿ ರಸ ಸುರಿಸಿ ಇರುವೆಗಳನ್ನು ಕರೆಯುತ್ತದೆ. ಮರುಭೂಮಿಯಲ್ಲಿ ಅವು ಕಾವಲುಗಾರರು. ಇಲ್ಲಿ ಆ ಅಂಟಿನ ಮೇಲೆ ಕಪ್ಪು ಬೂಷ್ಟು ಹಿಡಿಯುತ್ತದೆ, ನೀರು ಚಿಮುಕಿಸಿ ತೊಳೆಯಬೇಕು. ಅದೂ ಬಿಸಿಲಿರುವ ದಿನ ಬೆಳಿಗ್ಗೆ.

ಇನ್ನು ಆ ಅರಿಜೋನಾದ ಬ್ಯಾರೆಲ್‌ಗೆ ದಿಕ್ಸೂಚಿ ಕಳ್ಳಿ ಅಂತಲೂ ಹೆಸರು, ಅಲ್ಲಿ ದಕ್ಷಿಣಕ್ಕೆ ವಾಲುತ್ತದಂತೆ. ನಮ್ಮ ಮನೆಯಲ್ಲಿ ಅದು ತೋರಿಸುವುದು ಶೀಟ್ ಇಲ್ಲದ ಕಡೆಯ ಬೆಳಕನ್ನು. ಆಗಾಗ ಕುಂಡ ತಿರುಗಿಸುತ್ತಿರಬೇಕು. ತಿರುಗಿಸುವಾಗ ಮಡಚಿದ ಗೋಣಿಚೀಲ ಸುತ್ತಿ ಹಿಡಿ, ಗ್ಲೌಸ್ ನಂಬಬೇಡ.

ಸಂಗ್ರಹ ಶುರು ಮಾಡುತ್ತೇನೆ ಅಂದೆಯಲ್ಲ, ದೊಡ್ಡ ಗಿಡದ ಆಸೆಗೆ ಬೀಳಬೇಡ. ಗೋಲ್ಡನ್ ಬ್ಯಾರೆಲ್ ನರ್ಸರಿಗಳಲ್ಲಿ ಎಲ್ಲೆಲ್ಲೂ ಇದೆ, ಆದರೆ ಮೆಕ್ಸಿಕೋದ ತವರಲ್ಲಿ ಅಳಿವಿನ ಅಂಚಿನಲ್ಲಿದೆ. 1990ರ ದಶಕದಲ್ಲಿ ಸಿಮಪಾನ್ ಅಣೆಕಟ್ಟಿನ ನೀರು ಅದರ ನೆಲೆಯ ದೊಡ್ಡ ಭಾಗವನ್ನು ಮುಳುಗಿಸಿತು. ಹಾರಂಗಿ ಹಿನ್ನೀರು ನೋಡಿ ಬೆಳೆದ ನನಗೆ ಇದನ್ನು ಓದಿದಾಗ ಹೊಟ್ಟೆ ತೊಳಸಿತು. ಉಳಿದವುಗಳಲ್ಲಿ ಎಷ್ಟನ್ನೋ ಕಳ್ಳರು ಅಗೆದರು. ಅದಕ್ಕೇ ಕಾಡಿನಿಂದ ಕಿತ್ತದ್ದು ಅನ್ನುವ ಅನುಮಾನ ಇರುವ ಗಿಡ ಪುಕ್ಕಟೆ ಕೊಟ್ಟರೂ ನನಗೆ ಬೇಡ. ಮೈ ಮೇಲೆ ಹಳೆ ಗಾಯ, ಬೇರು ಕತ್ತರಿಸಿದ ಮೋಟು, ಗುಂಡಗಿಲ್ಲದ ಆಕಾರ ಇದ್ದರೆ ಕೇಳಿ ನೋಡು, ಎಲ್ಲಿಂದ ಬಂತು ಅಂತ.

ಬೀಜದಿಂದ ಮಾಡು. ಹೂ ನೋಡಲು ಇಪ್ಪತ್ತು ವರ್ಷವಾದರೂ ಬೇಕು ಅಂತ ಮೂಗು ಮುರಿಯಬೇಡ, ಚಂದ ಇರುವುದು ಮುಳ್ಳಲ್ಲಿ. ಸಸಿಗಳಿಗೆ ಮಾತ್ರ ತೇವ ಬೇಕು, ಆ ವಿಷಯದಲ್ಲಿ ನಿನ್ನ ಹಿರಿಯೂರಿಗಿಂತ ನಮ್ಮೂರೇ ವಾಸಿ! ಫೆಬ್ರವರಿಯಲ್ಲಿ ಬಿತ್ತುತ್ತೇನೆ. ನಿನಗೆ ಬೀಜ ಬೇಕೋ, ವರ್ಷ ತುಂಬಿದ ಸಸಿ ಬೇಕೋ ಬರೆ. ಸಸಿ ಆದರೆ ಪಾರ್ಸೆಲ್ ಬೇಡ, ನೀನೇ ಬಂದು ತೆಗೆದುಕೊಂಡು ಹೋಗು.

ನಿನ್ನ,
ಮಡಿಕೇರಿಯ ಗೆಳೆಯ