ಗಾಣಗಾಪುರದ ತಂಗಿಗೆ, ನಮ್ಮ ಮನೆಯವರೆಲ್ಲರ ಪರವಾಗಿ

ಹೊಳೆಗೆ ಬಿದ್ದು ಬದುಕಿ ಬಂದ ನಮ್ಮ ಇಬ್ಬರೂ ಮಕ್ಕಳು ಇವತ್ತು ಮತ್ತೆ ಶಾಲೆಗೆ ಹೋದರು. ಎದೆ ಸ್ವಚ್ಛವಾಗಿದೆ, ಇನ್ನು ಭಯ ಬೇಡ ಅಂತ ಡಾಕ್ಟರ್ ಹೇಳಿದ್ದಾರೆ. ಫೋನ್ ಮಾಡಿ ವಿಚಾರಿಸಿದ, ಮನೆಗೆ ಬಂದು ಧೈರ್ಯ ಹೇಳಿದ ಎಲ್ಲರಿಗೂ ಕೈ ಮುಗಿಯುತ್ತೇನೆ. ಆದರೆ ಈ ಬರಹ ಮುಖ್ಯವಾಗಿ ಮಕ್ಕಳಿಬ್ಬರನ್ನೂ ಉಳಿಸಿದ ಒಬ್ಬ ಹುಡುಗಿಗೆ.

ದತ್ತ ಜಯಂತಿಯ ಬೆಳಗಿನ ಜಾವ. ಭೀಮಾ, ಅಮರಜಾ ಕೂಡುವ ಸಂಗಮದಲ್ಲಿ ಸ್ನಾನಕ್ಕೆ ನಿಂತಿದ್ದೆವು. ಮಾರ್ಗಶಿರದ ಥಂಡಿಗೆ ನೀರಲ್ಲಿ ಕೈ ಇಟ್ಟರೆ ಬೆರಳು ಮರಗಟ್ಟುತ್ತಿತ್ತು. ಗದ್ದಲದಲ್ಲಿ ಪಾಚಿ ಹಿಡಿದ ಪಾವಟಿಗೆ ಮೇಲಿಂದ ಅಕ್ಕ, ತಮ್ಮ ಇಬ್ಬರೂ ಜಾರಿದರು. ಕೂಗಲಿಲ್ಲ. ಥಟ್ಟನೆ ತಣ್ಣೀರಿಗೆ ಬಿದ್ದರೆ ಉಸಿರು ಸಿಕ್ಕಿಕೊಳ್ಳುತ್ತದೆ, ಕೂಗೋಕೆ ಆಗೋದೇ ಇಲ್ಲ ಅಂತ ಡಾಕ್ಟರ್ ಆಮೇಲೆ ಹೇಳಿದರು.

ಅಲ್ಲೇ ಪೂಜಾ ಸಾಮಾನಿನ ಅಂಗಡಿಯಲ್ಲಿ ಕೂತಿದ್ದ ಪಿಯುಸಿ ಹುಡುಗಿ ಓಡಿ ಬಂದಳು. ಸುಮ್ನೆ ಧುಮುಕಲಿಲ್ಲ. ಪಕ್ಕದವರ ಹೆಗಲ ಮೇಲಿದ್ದ ಶಲ್ಯಗಳನ್ನು ಎಳೆದುಕೊಂಡು ಒಂದಕ್ಕೊಂದು ಗಂಟು ಹಾಕಿದಳು. ಮಗಳ ಕೈಗೆ ಸಿಗುವ ಹಾಗೆ ಎಸೆದಳು. ಜನ ಅವಳನ್ನು ಎಳೆದುಕೊಂಡರು. ಮಗನ ಕೈಗೆ ಆ ಶಕ್ತಿ ಇರಲಿಲ್ಲ. ಆಗ ಅದೇ ಶಲ್ಯವನ್ನು ತನ್ನ ಸೊಂಟಕ್ಕೆ ಬಿಗಿದು, ತುದಿಯನ್ನು ಗಟ್ಟಿ ಹಿಡಿಯಿರಿ ಅಂತ ಕೂಗಿ, ನೀರಿಗಿಳಿದಳು. ಹಿಂದಿನಿಂದ ಅವನ ಕಂಕುಳಿಗೆ ಕೈ ಹಾಕಿ ಮುಖ ಮೇಲೆತ್ತಿ ಹಿಡಿದಳು. "ಇಬ್ರೂ ನನ್ನ ಕೊರಳಿಗೆ ಜೋತುಬಿದ್ರ ಮೂರೂ ಮಂದಿ ಹೋಗ್ತಿದ್ವಿ ರೀ ಅಕ್ಕಾ" ಅಂದಳು ಆಮೇಲೆ. ಆ ಗಳಿಗೆಯಲ್ಲಿ ಇಷ್ಟು ಯೋಚನೆ ಮಾಡಿದ್ದಳಲ್ಲ, ಅದು ನನಗೆ ಧೈರ್ಯಕ್ಕಿಂತ ದೊಡ್ಡದಾಗಿ ಕಂಡಿತು.

ಮೇಲೆ ಬಂದ ಮೇಲೂ ಬಿಡಲಿಲ್ಲ. ಹೊಟ್ಟೆ ಒತ್ತಲು ಬಂದವರ ಕೈ ಸರಿಸಿದಳು. ಒದ್ದೆ ಬಟ್ಟೆ ಬಿಚ್ಚಿಸಿ ಅಂಗಡಿಯ ಕೌದಿ ಸುತ್ತಿದಳು. ತಾನು ಗಡಗಡ ನಡುಗುತ್ತಾ "ಉಸಿರು ತಗೋ ಅಪ್ಪಿ, ಕೆಮ್ಮು" ಅನ್ನುತ್ತಲೇ ಇದ್ದಳು. ಆಸ್ಪತ್ರೆಗೆ ಆಟೋ ಓಡಿಸಿದ ಅಣ್ಣ ದುಡ್ಡು ಮುಟ್ಟಲಿಲ್ಲ. ರಾತ್ರಿಯಿಡೀ ಪಕ್ಕದಲ್ಲೇ ಕೂತಿದ್ದ ನರ್ಸಮ್ಮ, ಜಾತ್ರೆಯಂಥ ದಿನ ಅಂಗಡಿ ಮುಚ್ಚಿ ಬಂದ ಆ ಹುಡುಗಿಯ ಅಪ್ಪ ಅಮ್ಮ, ಇವರ ಋಣ ಹೇಗೆ ತೀರಿಸೋದು?

2019ರ ಕೃಷ್ಣಾ ಪ್ರವಾಹದಲ್ಲಿ ದೇವದುರ್ಗ ಕಡೆಯ ಒಬ್ಬ ಹುಡುಗ ಮುಳುಗಿದ ಸೇತುವೆ ಮೇಲೆ ಮುಂದೆ ಓಡಿ ಅಂಬುಲೆನ್ಸ್‌ಗೆ ದಾರಿ ತೋರಿಸಿದ್ದು ನೆನಪಿದೆ ಅಲ್ವಾ? ಅವನಿಗೆ ರಾಷ್ಟ್ರಮಟ್ಟದ ಶೌರ್ಯ ಪ್ರಶಸ್ತಿ ಬಂತು. ನಮ್ಮ ರಾಜ್ಯದಲ್ಲಿ ಧೈರ್ಯ ತೋರಿದ ಹೆಣ್ಣುಮಕ್ಕಳಿಗೆ ಕೆಳದಿ ಚೆನ್ನಮ್ಮ ಪ್ರಶಸ್ತಿ ಇದೆ. ಈ ಹುಡುಗಿಯ ಹೆಸರು ಅದಕ್ಕೆ ಹೋಗಬೇಕು. ಅರ್ಜಿಗೆ ನಾನೇ ಓಡಾಡುತ್ತೇನೆ. ಅಂದು ಕಣ್ಣಾರೆ ನೋಡಿದವರು ಸಾಕ್ಷಿ ಬರೆದುಕೊಡಿ.

ತಂಗಿ, ನಿನ್ನ ಹೆಸರು ಹಾಕಬೇಡಿ ಅಂತ ನಿಮ್ಮಮ್ಮ ಹೇಳಿದ್ದಕ್ಕೆ ಇಲ್ಲಿ ಹಾಕಿಲ್ಲ. ಬರುವ ಹುಣ್ಣಿಮೆಗೆ ಎಲ್ಲರೂ ಬರುತ್ತೇವೆ. ಉದ್ದನೆಯ ಹಗ್ಗ, ಎರಡು ಗಾಳಿ ಟ್ಯೂಬ್ ತರುತ್ತೇವೆ. ಅವು ನಿಮ್ಮ ಅಂಗಡಿ ಮುಂದೆಯೇ ಯಾವಾಗಲೂ ತೂಗುಹಾಕಿರಲಿ. ನಿಮ್ಮಪ್ಪ ಒಪ್ಪಿದ್ದಾರೆ.