ದಿನದ ಸರಾಸರಿಯಲ್ಲಿ ಕಾಣೆಯಾಗುವ ಆರು ತಾಸು

ಮಾನ್ಯರೇ,

ಹವಾಮಾನದ ಅಂಕಣದಲ್ಲಿ ಗಾಳಿಯ ಗುಣಮಟ್ಟಕ್ಕೆಂದು ದಿನಕ್ಕೊಂದು ಅಂಕಿ ಅಚ್ಚಾಗುತ್ತದೆ. ದೊಡ್ಡ ನಗರಕ್ಕೆ ಅದು ಹೇಗೋ ಸಾಕಾದೀತು. ಸುತ್ತಲೂ ಹೊಲಗಳೇ ಇರುವ, ಕಣ್ಣು ಹಾಯಿಸಿದಷ್ಟೂ ಸಮತಟ್ಟಾದ ಬಯಲಿನ ಪಟ್ಟಣಕ್ಕೆ ಸಾಲದು. ಸುಗ್ಗಿಯಿಂದ ಚಳಿ ಮುಗಿಯುವ ತನಕವಂತೂ ಅದು ದಾರಿ ತಪ್ಪಿಸುತ್ತದೆ. ಪಿಎಂ 2.5 ಎಂಬ ಸೂಕ್ಷ್ಮ ಕಣಗಳು (2.5 ಮೈಕ್ರಾನ್ ಇಲ್ಲವೇ ಅದಕ್ಕಿಂತ ಸಣ್ಣವು; ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಆರು ತಾಸು ಘನ ಮೀಟರಿಗೆ 200 ಮೈಕ್ರೊಗ್ರಾಂ, ಉಳಿದ ಹದಿನೆಂಟು ತಾಸು 30 ಮೈಕ್ರೊಗ್ರಾಂ ಇದ್ದವೆನ್ನಿ. ದಿನದ ಸರಾಸರಿ 72.5ಕ್ಕೆ ಬಂದು ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ದಿನದ ಮಿತಿ 15. ಅದಕ್ಕೆ ಹೋಲಿಸಿದರೆ ಇದೂ ಹೆಚ್ಚೇ. ಆದರೆ 200 ಇದ್ದದ್ದು ಯಾವ ಹೊತ್ತಿನಲ್ಲಿ ಎಂಬುದು ಮಾತ್ರ ಅಳಿಸಿಹೋಗುತ್ತದೆ.

ಆ ಹೊತ್ತು ಸಾಮಾನ್ಯವಾಗಿ ಸಂಜೆಗತ್ತಲಲ್ಲಿ ಶುರುವಾಗುತ್ತದೆ. ಮೋಡವಿಲ್ಲದ, ಗಾಳಿಯಾಡದ ಚಳಿಯ ರಾತ್ರಿ ನೆಲ ಬೇಗ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ. ಅದರ ಮೇಲೆ ಬೆಚ್ಚನೆಯ ಪದರವೊಂದು ಮುಚ್ಚಳದ ಹಾಗೆ ಕೂರುತ್ತದೆ. ಮಧ್ಯಾಹ್ನ ಸಾವಿರ ಮೀಟರ್ ಎತ್ತರದವರೆಗೆ ಹರಡಿಕೊಳ್ಳುವ ಹೊಗೆಗೆ ರಾತ್ರಿ ನೂರು ಮೀಟರಷ್ಟೇ ಜಾಗ ಸಿಕ್ಕರೆ, ಅಷ್ಟೇ ಹೊಗೆ ಹತ್ತು ಪಟ್ಟು ದಟ್ಟವಾಗುತ್ತದೆ. ಇದನ್ನು ನೋಡಲು ಯಂತ್ರ ಬೇಕಿಲ್ಲ. ಒಲೆಯ ಹೊಗೆ ಎರಡು ವಿದ್ಯುತ್ ಕಂಬದೆತ್ತರ ಏರಿ, ಅಲ್ಲಿಂದ ಮೇಲೆ ಹೋಗಲಾರದೆ ಚಾಪೆ ಬಿಚ್ಚಿದಂತೆ ಅಡ್ಡಕ್ಕೆ ಹರಡಿದರೆ ಮುಚ್ಚಳ ಬಿದ್ದಿದೆ ಎಂದೇ ಅರ್ಥ. ಸೂರ್ಯ ಹುಟ್ಟಿದ ಮಾತ್ರಕ್ಕೆ ಅದು ತೆರೆಯುವುದೂ ಇಲ್ಲ. ನೆಲ ಕಾಯತೊಡಗಿದಾಗ ರಾತ್ರಿಯಿಡೀ ಮೇಲೆ ತೂಗಿದ್ದ ಹೊಗೆ ಮೊದಲು ಕೆಳಗಿಳಿಯುತ್ತದೆ. ಹಾಗಾಗಿ ಬಿಸಿಲು ಬಂದ ಒಂದೆರಡು ತಾಸಿನಲ್ಲಿ ಅಂಕಿ ಮತ್ತೊಮ್ಮೆ ಜಿಗಿಯುವುದುಂಟು. ಬೆಳಗಿನ ಶುದ್ಧ ಗಾಳಿ ಎಂಬ ಮಾತನ್ನು ಚಳಿಗಾಲದ ಮಟ್ಟಿಗೆ ಅಮಾನತಿನಲ್ಲಿಡುವುದು ಲೇಸು.

ಇನ್ನು ಹೊಗೆ, ದೂಳು ಎರಡನ್ನೂ ಒಂದೇ ಅಂಕಿಯಲ್ಲಿ ಕಟ್ಟಿಕೊಡುವ ಪದ್ಧತಿ. ಕಟಾವು ಯಂತ್ರ ಎಬ್ಬಿಸುವ ಹೊಟ್ಟು, ಒಣ ಉಳುಮೆ ಮತ್ತು ಮಣ್ಣಿನ ರಸ್ತೆಯ ದೂಳು ಬಹುಪಾಲು ದಪ್ಪ ಕಣಗಳು. ನಿಶ್ಚಲ ಗಾಳಿಯಲ್ಲಿ 10 ಮೈಕ್ರಾನಿನ ಕಣ ಮೂರು ಮೀಟರ್ ಎತ್ತರದಿಂದ ನೆಲ ಮುಟ್ಟಲು ಹದಿನೈದು ನಿಮಿಷದ ಆಸುಪಾಸು ಸಾಕು. 2.5 ಮೈಕ್ರಾನಿನ ಕಣಕ್ಕೆ ನಾಲ್ಕು ತಾಸು ಬೇಕು, ಹೊಗೆಯಲ್ಲಿ ಹೇರಳವಾಗಿರುವ ಒಂದು ಮೈಕ್ರಾನಿಗಿಂತ ಸಣ್ಣ ಕಣಗಳಿಗೆ ಒಂದು ದಿನವೂ ಸಾಲದು. ಮುಖಕ್ಕೆ ಸುತ್ತಿದ ಬಟ್ಟೆ ದೂಳನ್ನು ಅಷ್ಟಿಷ್ಟು ತಡೆದೀತು. ಹೊಗೆಗೆ ಎನ್95 ಮುಖಗವಸೇ ಬೇಕು, ಅದೂ ಕೆನ್ನೆಗೆ ಸಂದಿಲ್ಲದೆ ಕೂತರೆ ಮಾತ್ರ. ಬಟ್ಟೆಯನ್ನು ಒದ್ದೆ ಮಾಡಿದರೂ ಹೊಗೆ ನಿಲ್ಲುವುದಿಲ್ಲ.

ಕಣ್ಣಿಗೆ ಕಾಣದ ಮೂರನೆಯ ಮೂಲ ಯೂರಿಯಾ. ಮಣ್ಣಿನ ಮೇಲೆ ಎರಚಿ ಹಾಗೆಯೇ ಬಿಟ್ಟರೆ ಅಮೋನಿಯಾ ಆಗಿ ಹಾರುತ್ತದೆ. ಡೀಸೆಲ್ ಹೊಗೆಯ ಸಾರಜನಕ ಆಕ್ಸೈಡುಗಳು ಗಾಳಿಯಲ್ಲಿ ನೈಟ್ರಿಕ್ ಆಮ್ಲವಾಗಿ ಅದರೊಡನೆ ಸೇರಿದಾಗ ಅಮೋನಿಯಂ ನೈಟ್ರೇಟಿನ ಸೂಕ್ಷ್ಮ ಕಣಗಳಾಗುತ್ತವೆ. ಚಳಿ ಮತ್ತು ತೇವ ಇದ್ದಾಗ ಅವು ಉಳಿಯುತ್ತವೆ, ಬಿಸಿಲಿಗೆ ಆವಿಯಾಗುತ್ತವೆ. ಗೊಬ್ಬರವನ್ನು ಕೂಡಲೇ ಮಣ್ಣಿಗೆ ಸೇರಿಸಿದರೆ, ಇಲ್ಲವೇ ನೀರು ಹಾಯಿಸಿದರೆ ಈ ನಷ್ಟ ಬಹಳಷ್ಟು ತಪ್ಪುತ್ತದೆ. ಹಣವೂ ಉಳಿಯುತ್ತದೆ.

ಈಚೆಗೆ ಶಾಲೆ, ಕಚೇರಿಗಳ ಗೋಡೆಗೆ ಅಗ್ಗದ ಸಂವೇದಕಗಳು ಬಂದಿವೆ, ಒಳ್ಳೆಯದೇ. ಆದರೆ ಅವು ಕಣಗಳನ್ನು ತೂಗುವುದಿಲ್ಲ. ಲೇಸರ್ ಬೆಳಕು ಕಣಗಳಿಗೆ ಬಡಿದು ಎಷ್ಟು ಚದುರಿತು ಎಂಬುದರ ಮೇಲೆ ಅಂದಾಜು ಮಾಡುತ್ತವೆ, ಅಷ್ಟೆ. ತೇವಾಂಶ ಶೇ 80 ದಾಟಿದರೆ ಕಣಗಳು ನೀರು ಹೀರಿ ಉಬ್ಬುತ್ತವೆ, ಮಂಜಿನ ಹನಿಯೂ ಕಣವೆಂದೇ ಲೆಕ್ಕಕ್ಕೆ ಬೀಳಬಹುದು. ಅಂಕಿ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಒಕ್ಕಣೆಯ ದಿನ ಇದು ತಿರುವುಮುರುವು. ಒಳಗಿನ ಪುಟ್ಟ ಫ್ಯಾನು ದಪ್ಪ ದೂಳನ್ನು ಸರಿಯಾಗಿ ಎಳೆದುಕೊಳ್ಳಲಾರದು, ಹಾಗಾಗಿ ಕಣ್ಣು ಬಿಡಲಾಗದಷ್ಟು ದೂಳಿದ್ದರೂ ಪಿಎಂ 10, ಅಂದರೆ 10 ಮೈಕ್ರಾನಿನವರೆಗಿನ ಕಣಗಳ ಅಂಕಿ, ತಣ್ಣಗೆ ಕೂತಿರುತ್ತದೆ. ಜೇಡವೊಂದು ಗಾಳಿಕಿಂಡಿಯಲ್ಲಿ ಬಲೆ ನೇಯ್ದರಂತೂ ಯಾವ ಅಂಕಿಯನ್ನೂ ನಂಬುವಂತಿಲ್ಲ. ಯಂತ್ರವನ್ನು ಎರಡು-ಮೂರು ಮೀಟರ್ ಎತ್ತರದಲ್ಲಿ, ನೆರಳಲ್ಲಿ, ಒಲೆಯ ಚಿಮಣಿ ಮತ್ತು ಮಣ್ಣಿನ ರಸ್ತೆಯಿಂದ ದೂರ ಕಟ್ಟಬೇಕು. ಕಟ್ಟುವ ಮೊದಲು ಎರಡು ಯಂತ್ರಗಳನ್ನು ಹದಿನೈದು ದಿನ ಅಕ್ಕಪಕ್ಕ ಇಟ್ಟು ನೋಡಬೇಕು. ಒಂದೇ ಗಾಳಿಗೆ ಬೇರೆ ಬೇರೆ ಅಂಕಿ ಕೊಟ್ಟರೆ ಪ್ರಮಾಣಿತ ಮಾಪಕದೊಡನೆ ಹೋಲಿಸದೆ ಎರಡನ್ನೂ ನಂಬಬಾರದು.

ಕೂಳೆ ಸುಡದಿರುವುದೇ ಸರಿ. ಹುಲ್ಲನ್ನು ಸಣ್ಣಗೆ ಕತ್ತರಿಸಿ ಹೊಲದ ತುಂಬ ಸಮನಾಗಿ ಹರಡಿದರೆ ಅದರ ನಡುವೆಯೇ ಬಿತ್ತಬಹುದು. ಗುಪ್ಪೆ ಬಿದ್ದಲ್ಲಿ ಮಾತ್ರ ಕೂರಿಗೆ ಕಟ್ಟಿಕೊಳ್ಳುತ್ತದೆ, ಆಗ ಬೇಸತ್ತ ರೈತ ಕಡ್ಡಿ ಗೀರುತ್ತಾನೆ. ಕಾನೂನಿನ ಅನುಮತಿ ಇದ್ದು ಸುಡಲೇಬೇಕಾದ ಕಡೆ, ಹುಲ್ಲು ಗರಿಗರಿ ಒಣಗಿರಬೇಕು, ಹೊತ್ತು ನಡುಮಧ್ಯಾಹ್ನವಾಗಿರಬೇಕು, ಸೂರ್ಯ ಮುಳುಗಲು ಎರಡು ತಾಸು ಇರುವಾಗಲೇ ಕೆಂಡವೂ ಆರಿರಬೇಕು. ಇಬ್ಬನಿಗೆ ತೊಯ್ದ ಹುಲ್ಲು ಉರಿಯದೆ ಹೊಗೆಯಾಡುತ್ತದೆ. ಸಂಜೆ ಹಚ್ಚಿದ್ದು ರಾತ್ರಿಯೆಲ್ಲ ಪಟ್ಟಣದಲ್ಲೇ ಬೀಡುಬಿಡುತ್ತದೆ.

ಅಂಕಣದಲ್ಲಿ ಜಾಗ ಕಡಿಮೆ ಎಂಬುದು ನಮಗೂ ಗೊತ್ತು. ಈಗಿನ ಒಂದು ಅಂಕಿಯ ಬದಲು ನಾಲ್ಕು ಕೊಡಿ: ಹಿಂದಿನ ದಿನದ ಬೆಳಿಗ್ಗೆ 7 ಮತ್ತು ಮಧ್ಯಾಹ್ನ 2 ಗಂಟೆಯ ಪಿಎಂ 2.5, ಪಿಎಂ 10. ಪಕ್ಕದಲ್ಲೇ ಆ ಹೊತ್ತಿನ ತೇವಾಂಶವನ್ನೂ ಹಾಕಿದರೆ, ಮಂಜು ಯಾವುದು, ಹೊಗೆ ಯಾವುದು ಎಂಬುದನ್ನು ಓದುಗರೇ ಅಂದಾಜು ಮಾಡಿಕೊಂಡಾರು.

– ಗಾಳಿಯ ಗುಣಮಟ್ಟ ಅಳೆಯುವ ಕೆಲಸದಲ್ಲಿರುವ ಓದುಗರು